ಒಂದನೇ ತಾರೀಕಿನ ಮುಖ

ಹೊಸನಗರದಲ್ಲಿ ನಾನು ಪಾಠ ಮಾಡುತ್ತಿದ್ದ ಜೂನಿಯರ್ ಕಾಲೇಜಿನಿಂದ ನನ್ನ ಬಾಡಿಗೆ ಕೋಣೆಗೆ ಪೇಟೆಯ ಮೇಲೆ ಹೋದರೆ ಏಳು ನಿಮಿಷದ ದಾರಿ. ಒಂದು ವರ್ಷ ನಾನು ಅದನ್ನು ಇಪ್ಪತ್ತೈದು ನಿಮಿಷ ನಡೆದಿದ್ದೇನೆ. ತಾಲ್ಲೂಕು ಕಚೇರಿಯ ಹಿಂಭಾಗದಿಂದ ಹೊರಟು, ಆಸ್ಪತ್ರೆಯ ಕಾಂಪೌಂಡಿನ ಪಕ್ಕದ ಸಂದಿಯಲ್ಲಿ ತೂರಿ, ಯಾರದೋ ಬಚ್ಚಲ ನೀರನ್ನು ಸೀರೆ ಎತ್ತಿ ದಾಟಿ ಮನೆ ಸೇರುತ್ತಿದ್ದೆ. “ಮೇಡಂಗೆ ವಾಕಿಂಗ್ ಅಭ್ಯಾಸ” ಎಂದು ಸಹೋದ್ಯೋಗಿಗಳು ಗೌರವದಿಂದ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ನಿಜ ಸಂಗತಿಯೆಂದರೆ, ಪೇಟೆಯ ದಾರಿಯಲ್ಲಿ ಎರಡು ಅಂಗಡಿಗಳಿದ್ದವು, ಎರಡಕ್ಕೂ ನಾನು ಸಾಲಗಾರಳಾಗಿದ್ದೆ.

ನಾನು ಪಾಠ ಮಾಡುತ್ತಿದ್ದುದು ಅರ್ಥಶಾಸ್ತ್ರ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನೀವಾಗಿಯೇ ಕಂಡುಹಿಡಿದರೆ ನನಗೆ ಇನ್ನೂ ಹೆಚ್ಚು ನಾಚಿಕೆ.

ಸಾಲ ಆದದ್ದು ಹೇಗೆ ಎಂದು ಕೇಳಿದರೆ ಎಲ್ಲ ಸಾಲಗಾರರ ಹಾಗೆ ನನ್ನ ಬಳಿಯೂ ಒಂದು ಸಭ್ಯವಾದ ಕಾರಣವಿದೆ. ನಮ್ಮದು ಖಾಸಗಿ ಕಾಲೇಜು. ಸರ್ಕಾರದ ಅನುದಾನ ಬಂದಾಗ ಸಂಬಳ. ಅನುದಾನ ಮೂರು ತಿಂಗಳಿಗೊಮ್ಮೆಯೋ ನಾಲ್ಕು ತಿಂಗಳಿಗೊಮ್ಮೆಯೋ ಬರುತ್ತಿತ್ತು. ಆದರೆ ಇದು ಅರ್ಧ ಸತ್ಯ. ಉಳಿದ ಅರ್ಧವೆಂದರೆ, ಸಂಬಳ ಬಾರದ ತಿಂಗಳುಗಳಲ್ಲೇ ನನ್ನ ಅಭಿರುಚಿ ವಿಶೇಷವಾಗಿ ಅರಳುತ್ತಿತ್ತು. ತೀರ್ಥಹಳ್ಳಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಅಪ್ಪ ಪಕ್ಕದ ಮನೆಯಿಂದ ಒಂದು ಚೂರು ಸುಣ್ಣವನ್ನೂ ಕೇಳಿ ತಂದವರಲ್ಲ. ಅಂಥ ಮನೆಯಿಂದ ಬಂದ ನನಗೆ ಬಟ್ಟೆ ಅಂಗಡಿಯ ವಾಸಣ್ಣ ಮೊದಲನೆಯ ಸಲ “ಇರ್ಲಿ ತಗೊಂಡೋಗಿ ಮೇಡಂ, ಬರ್ಕೊಂಡಿರ್ತೀನಿ” ಎಂದು ಸೀರೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಾಗ ಆದ ಬೆರಗನ್ನು ಇವತ್ತಿಗೂ ಮರೆತಿಲ್ಲ. ಅವರು ನನ್ನ ಅಪ್ಪನ ಹೆಸರು ಕೇಳಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ. ‘ಎಕನಾಮಿಕ್ಸ್ ಮೇಡಂ’ ಎಂದು ಬರೆದುಕೊಂಡರು. ಎರಡು ಪದಗಳನ್ನು ಬರೆದುಕೊಂಡು ಒಬ್ಬ ಮನುಷ್ಯ ಆರು ಗಜ ಬಟ್ಟೆ ಕೊಟ್ಟುಬಿಡುವುದು! ಪವಾಡ ಒಂದು ಸಲ ಆದರೆ ಯಾರೂ ಸುಮ್ಮನಿರುವುದಿಲ್ಲ, ಮತ್ತೊಮ್ಮೆ ಆಗುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ನಾನು ಐದು ಸಲ ಪರೀಕ್ಷಿಸಿದೆ. ಆಮೇಲೆ ದಿನಸಿ ಅಂಗಡಿಯ ಖಾದರ್ ಸಾಹೇಬರಲ್ಲಿ ಕಾಫಿಪುಡಿಯಿಂದ ಹಿಡಿದು ಟ್ರಾನ್ಸಿಸ್ಟರಿನ ಸೆಲ್ಲಿನವರೆಗೆ ಪರೀಕ್ಷಿಸಿದೆ.

ಈ ಸೀಮೆಯಲ್ಲಿ ಪವಾಡಕ್ಕೇನೂ ಬರವಿರಲಿಲ್ಲ ಅನ್ನಿ. ಒಂದು ದಿನ ನಿಟ್ಟೂರಿನ ಕಡೆಯಿಂದ ಬಂದ ಬಸ್ಸಿನಲ್ಲಿ ನನ್ನ ಕಣ್ಣೆದುರಿಗೇ ಒಬ್ಬ ಹೆಂಗಸು ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿದ ಸರವನ್ನು ಕಿಟಕಿಯಿಂದ ಕಂಡಕ್ಟರನ ಕೈಗೆ ಕೊಟ್ಟು, “ಸಾಗರದಲ್ಲಿ ಅಕ್ಕಸಾಲಿಗೆ ಕೊಟ್ಬಿಡಪ್ಪ, ಕೊಂಡಿ ಬಿಟ್ಟೈತೆ” ಎಂದಳು. ರಸೀದಿಯಿಲ್ಲ, ಸಾಕ್ಷಿಯಿಲ್ಲ. ಕಂಡಕ್ಟರ್ ಅದನ್ನು ಜೇಬಿಗೆ ಹಾಕಿಕೊಂಡು, ಅದೇ ಕೈಯಿಂದ ನನಗೆ ಮೂವತ್ತು ಪೈಸೆ ಚಿಲ್ಲರೆ ಕೊಡುವುದನ್ನು ಮಾತ್ರ ಮರೆತ. ನಮ್ಮ ಪಠ್ಯಪುಸ್ತಕದಲ್ಲಿ ‘ಪತ್ತು’, ಅಂದರೆ ನಂಬಿ ಸಾಲ ಕೊಡುವುದು, ಎಂಬ ಅಧ್ಯಾಯವಿತ್ತು. ಪತ್ತಿನ ಲಕ್ಷಣಗಳು, ಪತ್ತಿನ ಸಾಧನಗಳು, ಪತ್ತಿನ ಗುಣದೋಷಗಳು. ಬಸ್ಸಿನ ಕಿಟಕಿ ಅದರಲ್ಲಿರಲಿಲ್ಲ. ಆ ಅಧ್ಯಾಯವನ್ನು ನಾನು ವಾಸಣ್ಣನ ಮಗಳು ಮುಂದಿನ ಬೆಂಚಿನಲ್ಲಿ ಕೂತಿದ್ದಾಗ ಬೋಧಿಸಬೇಕಾಯಿತು. ‘ಸಾಲಗಾರನ ಮರುಪಾವತಿ ಶಕ್ತಿ’ ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗಿದರೆ, ಅವಳು ನನ್ನ ಸೀರೆಯ ಅಂಚನ್ನು ಗಮನವಿಟ್ಟು ನೋಡುತ್ತಿದ್ದಳು.

ಎರಡನೆಯ ವರ್ಷದ ಹೊತ್ತಿಗೆ ಬಾಕಿ ಎರಡು ತಿಂಗಳ ಸಂಬಳವನ್ನು ಮೀರಿತ್ತು. ನಾನು ಊಟ ಮಾಡುತ್ತಿದ್ದ ಸೀತಕ್ಕನ ಮನೆಯ ಲೆಕ್ಕವೂ ಅದಕ್ಕೆ ಸೇರಿತ್ತು. ಸೀತಕ್ಕ ಪರವೂರಿನ ಐದಾರು ನೌಕರರಿಗೆ ತಮ್ಮ ಮನೆಯಲ್ಲೇ ಎರಡು ಹೊತ್ತು ಬಡಿಸುತ್ತಿದ್ದವರು. ಅವರಿಗೆ ಕೊಡಬೇಕಾದದ್ದನ್ನು ಖಾದರ್ ಸಾಹೇಬರಿಗೆ ಕೊಟ್ಟು, ಸಾಹೇಬರಿಗೆ ಕೊಡಬೇಕಾದದ್ದನ್ನು ವಾಸಣ್ಣನಿಗೆ ಕೊಟ್ಟು ನಾನು ಕೆಲವು ತಿಂಗಳು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಸಾಲ ಒಂದು ಪೈಸೆಯೂ ಕಡಿಮೆಯಾಗದೆ ಊರು ಸುತ್ತಿ ಬರುತ್ತಿತ್ತು, ನನ್ನ ಹಾಗೆಯೇ. ಪೇಟೆಯಲ್ಲಿ ಹೋಗಲೇಬೇಕಾದ ದಿನ ಕೊಡೆಯನ್ನು ಅಂಗಡಿಯ ಕಡೆಗೆ ವಾಲಿಸಿ ಹಿಡಿಯುತ್ತಿದ್ದೆ. ಹೊಸ ಸೀರೆಯೊಂದು ಬೇಕೇಬೇಕೆನಿಸಿದಾಗ, ನನ್ನನ್ನು ಯಾರೂ ಅರಿಯದ ಸಾಗರಕ್ಕೆ ಹೋದೆ. ಅಲ್ಲಿನ ಅಂಗಡಿಯಾತ ಸೀರೆ ಹರಡುತ್ತಾ, “ಹೊಸನಗರದೋರಾ? ಅಲ್ಲಿ ನಮ್ಮ ಭಾವ ವಾಸಣ್ಣನ ಅಂಗಡಿ ಇದೆಯಲ್ಲ, ಅಲ್ಲಿಗ್ಯಾಕೆ ಹೋಗಲ್ಲ ನೀವು?” ಎಂದ. ಪಾಪ, ಸುಮ್ಮನೆ ಕೇಳಿದ್ದು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಆ ಜನವರಿಯಲ್ಲಿ ಅಪ್ಪನ ಕಾಗದ ಬಂತು. ತಂಗಿ ಮಾಲತಿ ಎಸ್ಸೆಸ್ಸೆಲ್ಸಿ ಬರೆಯುವವಳಿದ್ದಳು. ನಮ್ಮ ಹಳ್ಳಿಯಿಂದ ತೀರ್ಥಹಳ್ಳಿಗೆ ಕಾಲೇಜಿನ ಹೊತ್ತಿಗೆ ಬಸ್ಸಿಲ್ಲ, ಹಾಸ್ಟೆಲಿಗೆ ಅಪ್ಪ ಒಪ್ಪುವುದಿಲ್ಲ. ‘ನೀನು ಒಂದು ಮನೆ ಮಾಡಿದರೆ ನಿನ್ನ ಹತ್ತಿರ ಇದ್ದು ಓದಲಿ. ಆಗದಿದ್ದರೆ ಅವಳ ಓದು ಇಷ್ಟಕ್ಕೇ ಸಾಕು’ ಎಂದು ಬರೆದಿದ್ದರು. ಅದರ ಕೆಳಗೆ ಮಾಲತಿ ಸಣ್ಣ ಅಕ್ಷರದಲ್ಲಿ, ‘ಅಕ್ಕಾ, ಒಂದೇ ಕೋಣೆಯಾದರೂ ಪರವಾಗಿಲ್ಲ’ ಎಂದು ಸೇರಿಸಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರ ತಿಮ್ಮಪ್ಪಗೌಡರದೊಂದು ಚಿಕ್ಕ ಮನೆ ಖಾಲಿಯಿತ್ತು. ಹೋಗಿ ಕೇಳಿದೆ. ಗೌಡರು ಕುರ್ಚಿ ಹಾಕಿಸಿ, ಪಾನಕ ಕೊಡಿಸಿ, “ಕೊಡೋಣಂತೆ. ವಾಸಣ್ಣನ ಹತ್ರ ಒಂದ್ ಮಾತು ಕೇಳ್ತೀನಿ, ಅಷ್ಟೆ” ಎಂದರು. ನಾನು ಪಾನಕದ ಲೋಟ ಕೆಳಗಿಟ್ಟೆ. ಮನುಷ್ಯರ ಗುಣಾವಗುಣಗಳನ್ನು ಬರೆದಿಡುವ ಕಚೇರಿ ಈ ಊರಿನಲ್ಲಿ ಬಟ್ಟೆ ಅಂಗಡಿಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ದಿನದ ಮೇಲೆ ಗೌಡರು ದಾರಿಯಲ್ಲಿ ಸಿಕ್ಕಿ, “ಸದ್ಯಕ್ಕೆ ಮನೆ ಕೊಡೋದು ಬ್ಯಾಡ ಅಂತ ಇದೀನಿ” ಎಂದು ಮೃದುವಾಗಿ ಹೇಳಿ ಹೋದರು. ಮನೆಗೆ ಬೀಗ ಹಾಗೇ ಇತ್ತು.

ಆ ದಿನ ಊಟ ಸೇರಲಿಲ್ಲ. ಸೀತಕ್ಕ ನನ್ನೊಡನೆಯೂ ತಮ್ಮ ಮನೆಮಾತಿನಲ್ಲೇ ಮಾತನಾಡುವವರು.

“ಎಂತ ಆತೇ ಕೂಸೇ? ಹುಳಿ ಸರಿ ಆಜಿಲ್ಯಾ?”

ನಾನು ಸುಲಭವಾಗಿ ಬಾಯಿಬಿಡುವವಳಲ್ಲ. ಆದರೆ ಆ ಹೊತ್ತು ಎಲ್ಲವನ್ನೂ ಹೇಳಿದೆ, ಕೊಡೆಯ ಸಂಗತಿ ಸಹಿತ. ಅವರು ಸಾಲಕ್ಕೆ ಹುಬ್ಬನ್ನೂ ಏರಿಸಲಿಲ್ಲ. ಕೊಡೆಗೆ ಮಾತ್ರ ಸಿಟ್ಟಾದರು.

“ದುಡ್ಡು ಇಲ್ದಿದ್ರೆ ಎಂತ ಆತು? ಮೋರೆ ಇದ್ದಲೇ! ಒಂದ್ನೇ ತಾರೀಕು ಅದ್ನೇ ತಗಂಡು ಹೋಗು.”

“ಹೋಗಿ ಏನಂತ ಹೇಳ್ಲಿ ಸೀತಕ್ಕ?”

“ಇವತ್ತು ದುಡ್ಡು ಇಲ್ಲೆ, ಅಷ್ಟೇ ಹೇಳು. ಅದ್ಕೂ ಕಾಲೇಜು ಓದಕಾ? ನಂಗೂ ಬಂದು ಹೇಳವು ಮತ್ತೆ.”

“ನಿಮಗೇನು, ನಾನು ದಿನಾ ಇಲ್ಲೇ ಕೂತಿರ್ತೀನಲ್ಲ.”

“ಉಂಬಲೆ ಬಪ್ದು ಬೇರೆ, ಹೇಳಲೆ ಬಪ್ದು ಬೇರೆ.”

ನಮ್ಮ ಹಿರಿಯರು ಋಣಗಳನ್ನು ವಿಂಗಡಿಸಿದ್ದಾರೆ. ದೇವಋಣ, ಋಷಿಋಣ, ಪಿತೃಋಣ. ಅವನ್ನು ಯಾವ ಯಾವ ರೀತಿಯಲ್ಲಿ ತೀರಿಸಬೇಕೆಂದೂ ಹೇಳಿದ್ದಾರೆ. ಆದರೆ ತೀರಿಸಲಾಗದ ದಿನ ಏನು ಮಾಡಬೇಕು ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸೀತಕ್ಕನ ಅಡಿಗೆಮನೆಯಲ್ಲಿ. ಕೇಳಲು ಸುಲಭ. ಆದರೆ ಅಪರಿಚಿತರ ಎದುರು ಗಂಟೆ ಎಷ್ಟು ಎಂದು ಕೇಳಲೂ ಹಿಂಜರಿಯುವ ನನ್ನಂಥವಳಿಗೆ ಹಣ ಕೊಡುವುದಕ್ಕಿಂತ ಮುಖ ಕೊಡುವುದು ದುಬಾರಿ.

ಫೆಬ್ರವರಿ ಒಂದರಂದು ಖಾದರ್ ಸಾಹೇಬರ ಅಂಗಡಿಯ ಮುಂದೆ ನಿಂತೆ. ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಹೆಸರುಕಾಳನ್ನು ಬಹಳ ಹೊತ್ತು ಪರೀಕ್ಷಿಸಿದೆ. ಕೊನೆಗೆ, “ಇವತ್ತು ದುಡ್ಡಿಲ್ಲ ಸಾಹೇಬರೆ. ಹೇಳಿ ಹೋಗೋಣ ಅಂತ ಬಂದೆ” ಎಂದೆ. ಸಾಹೇಬರು ತಕ್ಕಡಿ ಕೆಳಗಿಟ್ಟರು.

“ಅಂತೂ ಬಂದ್ರಾ! ಬಿಸಿಲಿಗೆ ಕೊಡೆ ಹಿಡಿಯೋದು ಸರಿ ಮೇಡಮ್ಮೋರೆ. ಸಂಜೆ ಆರು ಗಂಟೆಗೂ ಹಿಡ್ಕಂಡು ಹೋಗ್ತಿದ್ರಲ್ಲ, ಅದಕ್ಕೇ ನಮ್ಗೆ ಅನುಮಾನ ಬಂದಿದ್ದು.”

ಅದೇ ಮಾತನ್ನು ವಾಸಣ್ಣನ ಅಂಗಡಿಗೂ ಹೋಗಿ ಹೇಳಿದೆ. ಅವರು ಮಾತ್ರ ತಲೆಯೆತ್ತದೆ “ಹೂಂ” ಎಂದರು. ಆ ‘ಹೂಂ’ ಇಡೀ ತಿಂಗಳು ನನ್ನ ಕಿವಿಯಲ್ಲಿತ್ತು.

ಅಲ್ಲಿಂದ ಮುಂದೆ ನಾನು ಏನನ್ನೂ ಬರೆಸಲಿಲ್ಲ. ಮಾರ್ಚಿನಲ್ಲಿ ಬಾಕಿ ಸಂಬಳದ ಒಂದು ಭಾಗ ಬಂದಾಗ ಎಲ್ಲಕ್ಕಿಂತ ಚಿಕ್ಕದಾಗಿದ್ದ ಸಾಹೇಬರ ಲೆಕ್ಕವನ್ನು ಪೂರ್ತಿ ತೀರಿಸಿದೆ, ಸೀತಕ್ಕನಿಗೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಕೊಟ್ಟೆ. ಏಪ್ರಿಲಿನಲ್ಲಿ ಟ್ರಾನ್ಸಿಸ್ಟರನ್ನು ಗಣಿತದ ಮೇಷ್ಟರಿಗೆ ಮಾರಿ ಆ ಹಣವನ್ನು ವಾಸಣ್ಣನಿಗೆ ಮುಟ್ಟಿಸಿದೆ. ಇದ್ದ ಸೀರೆಗಳನ್ನೇ ತಿರುಗಿಸಿ ತಿರುಗಿಸಿ ಉಟ್ಟೆ. ಇದರಲ್ಲಿ ವೀರಾವೇಶವೇನೂ ಇಲ್ಲ. ಸಾಲ ಏರುವಾಗ ಇರುವ ರಮ್ಯತೆ ಇಳಿಯುವಾಗ ಇರುವುದಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋದೆ. ರಜೆಯಲ್ಲಿ ಸಂಬಳವಿಲ್ಲ. ಮೇ ತಿಂಗಳ ಒಂದನೇ ತಾರೀಕು ಬಂತು. ಬೆಳಿಗ್ಗೆಯೇ ಎದ್ದು, ನಮ್ಮ ಹಳ್ಳಿಯಿಂದ ತೀರ್ಥಹಳ್ಳಿಗೆ ಒಂದು ಬಸ್ಸು, ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಇನ್ನೊಂದು ಬಸ್ಸು ಹಿಡಿದು, ಮಧ್ಯಾಹ್ನದ ಉರಿಬಿಸಿಲಲ್ಲಿ ವಾಸಣ್ಣನ ಅಂಗಡಿಯ ಮೆಟ್ಟಿಲು ಹತ್ತಿದೆ.

“ವಾಸಣ್ಣ, ಈ ತಿಂಗಳು ಏನೂ ಇಲ್ಲ. ಹೇಳಿ ಹೋಗೋಣ ಅಂತ ಬಂದೆ.”

“ಊರಿಂದ ಬಂದ್ರಾ? ಇದಕ್ಕೇ?”

“ಹೌದು.”

“ಬಸ್ ಚಾರ್ಜ್ ಎಷ್ಟಾಯ್ತು?”

ಹೇಳಿದೆ. ವಾಸಣ್ಣ ಮೀಟರ್ ಕೋಲನ್ನು ಹಾಸಿನ ಮೇಲೆ ಬಿಸುಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಲ್ಲ ಮೇಡಂ, ಹೋಗ್ತಾ ಬರ್ತಾ ಆ ದುಡ್ಡು ಬಸ್ಸಿನೋನಿಗೆ ಕೊಡೋ ಬದ್ಲು ಒಂದು ಕವರ್‌ನಲ್ಲಿ ಹಾಕಿ ಕಂಡಕ್ಟರ್ ಕೈಲಿ ಕಳ್ಸಿದ್ರೆ ನಮ್ಮ ಲೆಕ್ಕಕ್ಕಾದ್ರೂ ಜಮಾ ಆಗ್ತಿತ್ತಲ್ಲ! ನಮ್ಮ ಹುಡುಗಿಗೆ ನೀವೇ ಏನು ಲೆಕ್ಕ ಕಲಿಸೋದು?”

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿಯಾಗಿತ್ತು. ಆ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಎಂ.ಎ.ಯಲ್ಲಿ ಪ್ರಥಮ ದರ್ಜೆ ಪಡೆದವಳಿಗೆ! ನಾಚಿಕೆಯಿಂದ ಮರಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ನಗು ಹಿಂದಿನ ‘ಹೂಂ’ಗಿಂತ ಕೆಟ್ಟದೆಂದೇ ಎಣಿಸಿದ್ದೆ. ಗೌಡರು ಮತ್ತೊಮ್ಮೆ ವಾಸಣ್ಣನನ್ನು ಕೇಳಿದರೆ ಮಾಲತಿಯ ಓದು ಮುಗಿದಂತೆಯೇ ಎಂದುಕೊಂಡೆ.

ಜೂನ್ ಮೊದಲಿಗೆ, ಕಾಲೇಜು ತೆರೆಯುವ ಮುನ್ನ, ಕೊನೆಯ ಸಲ ಕೇಳಿಬಿಡೋಣವೆಂದು ತಿಮ್ಮಪ್ಪಗೌಡರ ಮನೆಗೆ ಹೋದೆ. ಮಾಲತಿ ಪಾಸಾಗಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಗೌಡರು ಒಳಗಿನಿಂದ ಬೀಗದ ಕೈ ತಂದರು.

“ನಾನೇ ಹೇಳಿ ಕಳಿಸ್ಬೇಕಂತಿದ್ದೆ. ವಾಸಣ್ಣನ ಕೇಳ್ದೆ. ದುಡ್ಡು ಇನ್ನೂ ಬರ್ಬೇಕು ಅಂದ. ಆದ್ರೆ, ಕೊಡಾಕಾಗಲ್ಲ ಅಂತ ಹೇಳಾಕೆ ಎರಡು ಬಸ್ ಹತ್ತಿ ಬಂದೋರ್ನ ಈ ಮೂವತ್ತು ವರ್ಷದ ವ್ಯಾಪಾರದಲ್ಲಿ ಕಂಡಿಲ್ಲ ಗೌಡ್ರೆ ಅಂದ. ನಾನೂ ಕಂಡಿಲ್ಲಪ್ಪ ಅಂದೆ. ತಗಳಿ.”

“ಅಡ್ವಾನ್ಸ್ ಕೊಡೋದು ಸ್ವಲ್ಪ ತಡವಾಗ್ತದೆ ಗೌಡರೆ.”

“ಗೊತ್ತು. ಬಂದು ಹೇಳ್ತೀರಲ್ಲ.”

ವಾಸಣ್ಣನ ಬಾಕಿ ಪೂರ್ತಿ ತೀರಿದ್ದು ಆ ವರ್ಷದ ದೀಪಾವಳಿಗೆ. ಅವರು ಪುಟದ ಮೇಲೆ ಉದ್ದಕ್ಕೊಂದು ಗೆರೆ ಎಳೆದರು, ನಾನು ನಮಸ್ಕಾರ ಮಾಡಿ ಬಂದೆ. ಹೇಳಿಕೊಳ್ಳುವಂಥದ್ದೇನೂ ಅನಿಸಲಿಲ್ಲ. ನನ್ನನ್ನು ಈಗಲೂ ಬೆರಗುಗೊಳಿಸುವುದು ಜೂನ್ ತಿಂಗಳ ಆ ಬೀಗದ ಕೈ. ಸಾಲ ತೀರಿದ ಮೇಲೆ ನಂಬಿಕೆ ಮರಳುತ್ತದೆ ಎಂದು ನಾನು ತಿಳಿದಿದ್ದೆ. ಆ ಊರಿನಲ್ಲಿ ನಂಬಿಕೆ ಮೊದಲು ಬಂದು ಜಗಲಿಯ ಮೇಲೆ ಕೂತಿತ್ತು, ಹಣ ಆಮೇಲೆ ನಿಧಾನವಾಗಿ ಬಂತು.

ಮಾಲತಿ ಬಂದದ್ದು ಒಂದು ಟ್ರಂಕು, ಒಂದು ಚಾಪೆಯೊಂದಿಗೆ. ಬರಿಯ ಮನೆಯ ನಡುವೆ ಟ್ರಂಕಿನ ಮೇಲೆ ಕೂತು ಗೋಡೆಗಳನ್ನೂ ಹಂಚನ್ನೂ ಒಂದೊಂದಾಗಿ ನೋಡಿದಳು.

“ಅಡ್ವಾನ್ಸ್ ಎಷ್ಟು ಕೊಟ್ಟೆ ಅಕ್ಕ?”

“ಏನೂ ಕೊಟ್ಟಿಲ್ಲ.”

“ಮತ್ತೆ ಹ್ಯಾಗೆ ಕೊಟ್ರು ಮನೆ?”

ಪತ್ತಿನ ಮೇಲೆ ಮುಕ್ಕಾಲು ಗಂಟೆ ನಿಲ್ಲದೆ ಮಾತನಾಡಬಲ್ಲ ನಾನು ಬಾಚಣಿಗೆ ಕೈಗೆತ್ತಿಕೊಂಡೆ. ಅವಳ ತಲೆಯನ್ನು ಬಾಚಿ, ಹೊಸದಾಗಿ ಜಡೆ ಹೆಣೆದು, ಬಾಗಿಲವರೆಗೆ ಕಳಿಸಿದೆ.

“ಮೊದಲು ಹೋಗಿ ಗೌಡರ ಮನೆಯವರಿಗೆ ನಿನ್ನ ಮುಖ ತೋರಿಸಿ ಬಾ” ಎಂದೆ.