ರಾಶಿಯ ಮೊದಲ ಕೊಳಗ

ನಾನು ಶಾಲೆ ಬಿಟ್ಟದ್ದು ೧೯೫೧ರಲ್ಲಿ, ಮೂರನೇ ಇಯತ್ತೆಯ ನಡುವಿನಲ್ಲಿ. ಯಾರೂ ಬಿಡಿಸಲಿಲ್ಲ. ಹೊಲದಲ್ಲಿ ಕೈ ಬೇಕಾಗಿದ್ದವು, ನನಗೆ ಎರಡು ಕೈ ಇದ್ದವು, ಅಷ್ಟೇ. ಆಮೇಲೆ ಶಾಲೆಯ ಹೊಸ್ತಿಲು ತುಳಿದದ್ದು ೧೯೭೪ರಲ್ಲಿ, ವಿಜಾಪುರದಲ್ಲಿ, ಮಗಳು ನೀಲವ್ವನ ಕೈ ಹಿಡಿದುಕೊಂಡು. ಆ ದಿನ ಕಂಡದ್ದನ್ನು ನಮ್ಮೂರು ನಿಡೋಣಿಯ ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಅಕ್ಕೋರು, ಅಂದರೆ ಕಲಿಸುವ ಹೆಣ್ಣುಮಗಳು, ಗೋಡೆಗೆ ತೂಗುಹಾಕಿದ ಆಕಳ ಚಿತ್ರಕ್ಕೆ ಕೋಲು ಮುಟ್ಟಿಸಿ "ಇದು ಏನು?" ಎಂದು ಕೇಳಿದರು. ಕೋಣೆ ತುಂಬ ಕೂತಿದ್ದ ಮಕ್ಕಳೆಲ್ಲ ಬಣವಿಗೆ ಬೆಂಕಿ ಬಿದ್ದದ್ದನ್ನು ಕಂಡವರ ಹಾಗೆ "ಆಕಳು!" ಎಂದು ಕಿರುಚಿದರು. ಅಕ್ಕೋರು ಮತ್ತೆ ಕೇಳಿದರು. ಮಕ್ಕಳು ಮತ್ತೆ ಕಿರುಚಿದರು.

ನೀಲವ್ವ ನನ್ನ ಧೋತರದ ಚುಂಗು ಜಗ್ಗಿದಳು. "ಯಪ್ಪಾ, ಅಕ್ಕೋರಿಗೆ ಆಕಳ ಗೊತ್ತಿಲ್ಲೇನ?"

ನಗಬೇಡಿ. ನಮ್ಮಲ್ಲಿ ದೊಡ್ಡವರು ತಮಗೆ ಗೊತ್ತಿದ್ದದ್ದನ್ನು ಮಕ್ಕಳಿಗೆ ಕೇಳುವುದಿಲ್ಲ. "ಎಮ್ಮಿ ಎಲ್ಲೈತಿ?" ಎಂದು ಕೇಳಿದರೆ ಕೇಳಿದವನಿಗೆ ಎಮ್ಮೆ ಬೇಕಾಗಿರುತ್ತದೆ. ಪಟ್ಟಣದ ಶಾಲೆಯಲ್ಲಿ ಹಾಗಲ್ಲ. ಕೇಳುವವರಿಗೆ ಉತ್ತರ ಮೊದಲೇ ಗೊತ್ತು. ಮಗು ಸಿಕ್ಕಿಬೀಳುತ್ತದೆಯೋ ಇಲ್ಲವೋ ನೋಡಲಿಕ್ಕೆ ಕೇಳುತ್ತಾರೆ. ಇಷ್ಟು ತಿಳಿಯಲು ನನಗೇ ಬಹಳ ದಿನ ಹಿಡಿಯಿತು. ನೀಲವ್ವ ಅಲ್ಲಿಯ ತನಕ ಶಾಲೆಯಲ್ಲಿ ಬಾಯಿಯನ್ನೇ ತೆರೆಯಲಿಲ್ಲ.

ನಿಡೋಣಿಯಿಂದ ಬಬಲೇಶ್ವರದ ಮೇಲೆ ಬಸ್ಸು ಹಿಡಿದರೆ ವಿಜಾಪುರ ದೂರವೇನಲ್ಲ. ಆದರೂ ಬೇರೆ ದೇಶ. ಅಣ್ಣತಮ್ಮಂದಿರು ನಾಲ್ವರಿಗೆ ಆ ಹೊಲ ಸಾಲದೆ ನಾನು ಗೌಂಡಿ ಕೆಲಸ ಕಲಿತು, ಹೊಸ ಮನೆಗಳು ಏಳುತ್ತಿದ್ದ ಜಲನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಆ ಓಣಿಯ ಗೋಡೆಗಳಲ್ಲಿ ಎಷ್ಟೋ ನನ್ನ ಕೈಯವು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಒಂದು ಗೋಡೆಯೂ ವಾಲಿಲ್ಲ. ಊರಲ್ಲಿ ಹಗಲು ಬಾಗಿಲು ಹಾಕಿದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ಜನ ಓಡಿ ಬರುತ್ತಾರೆ. ಇಲ್ಲಿ ಬಾಗಿಲು ತೆರೆದಿದ್ದರೆ ಮುಖ ಸಿಂಡರಿಸುತ್ತಾರೆ. ನೌಕರದಾರರ ಮಕ್ಕಳು ಡಬ್ಬಿಯಲ್ಲಿ ಮೆತ್ತಗಿನ ಚಪಾತಿ ಒಯ್ಯುತ್ತಾರೆ. ನೀಲವ್ವ ಕಟಿ ರೊಟ್ಟಿ ಮುರಿದರೆ ಆ ಸಪ್ಪಳಕ್ಕೆ ಪಕ್ಕದ ಹುಡುಗಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಅವಳು ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನಲು ಕಲಿತಳು. ಪಟ್ಟಣದ ಮೊದಲ ವಿದ್ಯೆ ಅದು.

ಕೋಣೆಯ ಮಾಲಕರ ಹೆಂಡತಿಯನ್ನು ನಾವು ವೈನಿ ಎನ್ನುತ್ತಿದ್ದೆವು. ಒಂದು ದಿನ ನಳದ ಹತ್ತಿರ ನನ್ನ ಹೆಂಡತಿ ಗಂಗವ್ವನನ್ನು ತಡೆದು, "ನಿಮ್ಮ ಹುಡುಗಿ ಮೂಕಿ ಏನ?" ಎಂದರು.

ಗಂಗವ್ವ ತಿಕೋಟಾದವಳು, ಮಾತು ಬಾಕಿ ಇಟ್ಟುಕೊಳ್ಳುವವಳಲ್ಲ. "ಮೂಕಿ ಅಲ್ರಿ ವೈನಿ. ನಿಮ್ಮ ಕೂಡ ಮಾತಾಡೂವಂಥಾದ್ದು ಆಕಿಗೇನೂ ಸಿಕ್ಕಿಲ್ಲ."

ಮರುದಿನದಿಂದ ಅವರೆಲ್ಲರ ಸ್ನಾನ ಮುಗಿಯುವ ತನಕ ನಮಗೆ ನಳ ಬಂದ್.

ಶ್ರಾವಣದಲ್ಲಿ ನೀಲವ್ವ ಕಡೆಗೂ ಬಾಯಿ ತೆರೆದಳು. ತೆರೆದದ್ದೇ ತಪ್ಪಾಯಿತು. ಅಕ್ಕೋರು ಹುಣಸೆ ಬೀಜ ಮುಂದೆ ಸುರಿದು ಎಣಿಸು ಅಂದರು. ಎಣಿಕೆ ಎಂದರೆ ಅವಳಿಗೆ ಜೀವ. ಒಂದೊಂದೇ ಬೀಜ ಸರಿಸುತ್ತ, ಗಟ್ಟಿಯಾಗಿ, "ಲಾಭ, ಎರಡು, ಮೂರು, ನಾಲ್ಕು" ಎಂದು ಹತ್ತರ ತನಕ ಹೇಳಿದಳು.

ನಮ್ಮ ಕಡೆಯವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಟ್ಟಣದವರು ಯಾರಾದರೂ ಓದಿದರೆ ಗೊತ್ತಿರಲಿ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ನಾವು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಒಂದು ಅಂದರೆ ರಾಶಿ ಒಂದಕ್ಕೇ ನಿಂತೀತು ಎಂಬ ಅಂಜಿಕೆ. ನಮ್ಮ ಮನೆಯಲ್ಲಿ ಅಪ್ಪ ಅಳೆಯುತ್ತಾನೆ, ಮನೆಯ ಒಂದು ಮಗು ಕೂಗುತ್ತದೆ. ಮಾತು ಬಂದಾಗಿನಿಂದ ಕೂಗುತ್ತಿದ್ದವಳು ನೀಲವ್ವ. ಅವಳ ಪಾಲಿಗೆ ಎಣಿಕೆ ಹುಟ್ಟುವುದೇ ಲಾಭದಿಂದ.

ಅಕ್ಕೋರು ನಕ್ಕರು. ಅವರು ನಕ್ಕ ಮೇಲೆ ಮಕ್ಕಳಿಗೆ ಪರವಾನಗಿ ಸಿಕ್ಕಂತಾಯಿತು. "ಯಾವ ರಾಶಿ ಅಳ್ಯಾಕ ಬಂದೀ ಬೇ ಇಲ್ಲಿ? ಒಂದು ಅನ್ನು." ಇವಳು ಅನ್ನಲಿಲ್ಲ. ಬಾಕಿನ ಮೇಲೆ ನಿಲ್ಲಿಸಿದರು. ಅನ್ನಲಿಲ್ಲ. ಅಂಗೈ ಮೇಲೆ ಕೋಲು ಬಿತ್ತು. ಆಗಲೂ ಅನ್ನಲಿಲ್ಲ. ಅಂದಿನಿಂದ ಅವಳ ಹೆಸರು ಲಾಭವ್ವ. ಓಣಿಯಲ್ಲಿ ಚಡ್ಡಿ ಹಾಕದ ಕೂಸುಗಳೂ "ಲಾಭವ್ವಾ, ರಾಶಿ ಎಷ್ಟಾತ?" ಎಂದು ಕೂಗತೊಡಗಿದವು.

ನನ್ನನ್ನು ಕರೆಸಿದರು. ಅಕ್ಕೋರು ಹಾಜರಿ ಕೂಗುವ ದನಿಯಲ್ಲೇ ಹೇಳಿದರು: "ನಿಮ್ಮ ಹುಡುಗಿಗೆ ಒಂದು ಅನ್ನಾಕೂ ಬರೂದಿಲ್ಲ. ದೀಪಾವಳಿ ಸೂಟಿ ಮುಂಚೆ ತಪಾಸಣಿಗೆ ಸಾಹೇಬ್ರು ಬರ್ತಾರ, ಬಾಯಿಲೆಕ್ಕ ಕೇಳ್ತಾರ. ಅವರ ಮುಂದ ಹಿಂಗ ಮಾಡಿದ್ರ ಹೆಸರು ತಗದು ಹಾಕ್ತೀವಿ. ಊರಿಗೆ ಕಳಿಸಿ ದನಾ ಕಾಯಾಕ ಹಚ್ಚರಿ."

"ಹತ್ತರ ತನಕ ಎಣಿಸ್ಯಾಳಲ್ರಿ ಅಕ್ಕೋರ?"

"ಹತ್ತು ಯಾರಿಗೆ ಬೇಕಾಗೇತ್ರಿ? ಒಂದು ಅನ್ನಲಿ."

ಮೂರನೇ ಇಯತ್ತೆಗೆ ನಿಂತವನು ನಾನು. ನನ್ನ ಮಗಳು ಒಂದಕ್ಕೇ ನಿಲ್ಲುವುದು ನನಗೆ ಆಗದ ಮಾತು. ಮನೆಗೆ ಬಂದು ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಹೊಡೆದೆ. ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು, ಒಂದು ಅನ್ನಲಿಲ್ಲ. ಬೆಲ್ಲ ಕೊಟ್ಟೆ. ಬೆಲ್ಲ ತಿಂದಳು, ಒಂದು ಅನ್ನಲಿಲ್ಲ. ಹೊಡೆತ ತಿಂದ ಮಗು ಬಾಯಿ ಮುಚ್ಚುವುದನ್ನಷ್ಟೇ ಚೆನ್ನಾಗಿ ಕಲಿಯುತ್ತದೆ. ಮಕ್ಕಳನ್ನು ಪಟ್ಟಣಕ್ಕೆ ತರುವವರು ಇದನ್ನು ನೆನಪಿಡಿ. ಬೆಲ್ಲದ ಮಾತೂ ಹಾಗೆಯೇ. ಮಗು ಒಂದು ಮಾತು ಆಡುವುದಿಲ್ಲ ಎಂದರೆ ಅದಕ್ಕೆ ಅದರದೇ ಕಾರಣ ಇರುತ್ತದೆ. ಆ ಕಾರಣವನ್ನು ಮುಟ್ಟದೆ ಕಲಿಸುವುದು ಪಾಯ ತೆಗೆಯದೆ ಗೋಡೆ ಏರಿಸಿದ ಹಾಗೆ.

ಒಂದು ರವಿವಾರ ಅವಳನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋದೆ. ಇಟ್ಟಂಗಿ ಒಟ್ಟಿದ್ದರು.

"ಎಣಸು ಬೇ."

"ಲಾಭ..."

"ಲಾಭ ಯಾರಿಗೆ? ಇಟ್ಟಂಗಿ ಯಾರವು?"

"ಮಾಲಕರವು."

"ಮಂದಿ ಮಾಲಿಗೆ ನೀ ಯಾಕ ಲಾಭ ಕೂಗ್ತಿ? ಅವರ ರಾಶಿ ಹೆಚ್ಚಾದ್ರ ನಮಗೇನು? ನಮ್ಮದಕ್ಕ ಲಾಭ, ಮಂದೀದಕ್ಕ ಒಂದು."

ಅವಳು ಇಟ್ಟಂಗಿಯ ಮೇಲೆ ಕೈ ಇಟ್ಟಳು. "ಹುಣಸಿ ಬೀಜ ಅಕ್ಕೋರವು?"

"ಅಕ್ಕೋರವು."

"ಹಂಗಾರ ಅವೂ ಮಂದೀವು." ಇಷ್ಟು ಹೇಳಿ, ಇಟ್ಟಂಗಿಗೆ ಬೆರಳು ಮುಟ್ಟಿಸಿ ಅಂದಳು: "ಒಂದು."

ಆಮೇಲೆ ಓಣಿಯಲ್ಲೆಲ್ಲ ಅದೇ ಆಟ. ವೈನಿಯ ಕೊಡ ಮಂದೀವು, ಒಂದು. ನಮ್ಮ ತಾಟು ನಮ್ಮವು, ಲಾಭ. ಸಾಹೇಬರು ಬಂದ ದಿನ ನೀಲವ್ವ ಕೈ ಕಟ್ಟಿ ನಿಂತು, ಒಂದರಿಂದ ಹಿಡಿದು ಸಾಕು ಎನ್ನುವ ತನಕ ಎಣಿಸಿದಳು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟಳು. ಆಕಳಿಗೆ ಆಕಳು ಅಂದಳು. ಅಕ್ಕೋರು ನನಗೆ, "ನೋಡ್ರಿ, ನಾ ಬಿಗಿ ಹಿಡದಿದ್ದಕ್ಕ ಕಲ್ತಳು" ಎಂದರು. ಹೆಸರು ಉಳಿದಿತ್ತು, ನನಗೆ ಅಷ್ಟು ಸಾಕಾಗಿತ್ತು.

ಶಿವರಾತ್ರಿಯ ಸುಮಾರಿಗೆ ಜೋಳದ ರಾಶಿಗೆ ಊರಿಗೆ ಹೋದೆವು. ಕಣದಲ್ಲಿ ಊಟಕ್ಕೆ ಕೂತಾಗ ಅಣ್ಣ ಸಂಗಪ್ಪ ನಗುತ್ತಲೇ ಅಂದ: "ಪಟ್ಟಣದ ಮಂದಿ ಬಂದ್ರಪಾ. ಉಣ್ರಿ, ತಿನ್ರಿ. ರಾಶಿಯಾಗ ಮಾತ್ರ ಪಾಲು ಕೇಳಬ್ಯಾಡ್ರಿ. ಬಿಟ್ಟು ಹ್ವಾದವರದು ಇಲ್ಲೇನೂ ಇಲ್ಲ." ಎಲ್ಲರೂ ನಕ್ಕರು, ನಾನೂ ನಕ್ಕೆ. ನೀಲವ್ವ ಕಟಿ ರೊಟ್ಟಿಯನ್ನು ನೀರಲ್ಲಿ ನೆನೆಸುತ್ತ ಕೇಳಿಸಿಕೊಂಡಳು.

ರಾಶಿಗೆ ಪೂಜೆ ಆಯಿತು. ಅಪ್ಪ ರುಮಾಲು ಬಿಗಿದು ರಾಶಿಯ ಮುಂದೆ ಕೂತ. ಅಳೆಯುವ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ. ಕೊಳಗ ತುಂಬಿ, ಎತ್ತಿ ಹಿಡಿದು, "ಹೂಂ, ನೀಲವ್ವಾ" ಎಂದ.

ಅವಳು ರಾಶಿಯನ್ನು ನೋಡಿದಳು. ದೊಡ್ಡಪ್ಪನನ್ನು ನೋಡಿದಳು. "ಒಂದು," ಅಂದಳು.

ಎತ್ತಿದ ಕೊಳಗ ಹಾಗೇ ನಿಂತಿತು. "ಏನಂದಿ ಬೇ?"

ಪ್ರಶ್ನೆ ಕೇಳಿದರೆ ಈಗ ಅವಳಿಗೆ ಉತ್ತರ ಕೊಡಲು ಬರುತ್ತದೆ. ಶಾಲೆಯಲ್ಲಿ ನಿಲ್ಲುವ ಹಾಗೆಯೇ ಕೈ ಕಟ್ಟಿ ನಿಂತು ಗಟ್ಟಿಯಾಗಿ ಹೇಳಿದಳು: "ಒಂದು, ಅಜ್ಜಾ. ಇದು ಮಂದೀದು. ಮಂದೀದಕ್ಕ ಒಂದು ಅನಬೇಕು. ನಮ್ಮದು ಇಲ್ಲೇನೂ ಇಲ್ಲಂತ ದೊಡ್ಡಪ್ಪ ಅಂದಾನಲ್ಲ."

ಅಣ್ಣ ತಲೆ ತಗ್ಗಿಸಿದ. ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಕೊಳಗವನ್ನು ರಾಶಿಗೇ ಬೋರಲು ಸುರಿದ. "ಸಾಲಿ ಚಲೋ ಕಲಿಸ್ಯಾರ," ಎಂದ. "ಈ ಹುಡುಗೀನ್ನ ಇನ್ನ ಕಣಕ್ಕ ಕರಕೊಂಡು ಬರಬ್ಯಾಡ."

ಅಣ್ಣನ ಕಿರಿಮಗಳನ್ನು ಕರೆದು ಕೂರಿಸಿದರು. ಆ ಕೂಸು ತೊದಲುತ್ತ "ಲಾಭ" ಅಂದಿತು. ಕಣದಲ್ಲಿ ಮತ್ತೆ ಉಸಿರಾಡುವ ಸಪ್ಪಳ ಕೇಳಿಸಿತು. ಊರಿಗೆ ಬಂದಾಗಲೆಲ್ಲ ಬಸ್ಸು ಹತ್ತುವಾಗ ಅಪ್ಪ ತಾನೇ ಹೊತ್ತು ತಂದು ಕೊಡುತ್ತಿದ್ದ ಜೋಳದ ಗಂಟು ಆ ಸಲ ಬರಲಿಲ್ಲ.

ಬಬಲೇಶ್ವರ ದಾಟಿದ ಮೇಲೆ ನೀಲವ್ವ ಕೇಳಿದಳು, "ಯಪ್ಪಾ, ನಂದು ತಪ್ಪಾತೇನ?"

"ಇಲ್ಲ. ಸರಿ ಐತಿ," ಅಂದೆ. ಗಂಗವ್ವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮಗಳು ಆಮೇಲೆ ಕಣಕ್ಕೆ ಹೋಗಿಲ್ಲ. ರಾಶಿಗೆ ನಾನೊಬ್ಬನೇ ಹೋಗುತ್ತೇನೆ, ಅತಿಥಿಯ ಹಾಗೆ ಕೂತು ಉಂಡು ಬರುತ್ತೇನೆ. ಜಲನಗರದವರು ನನ್ನನ್ನು ಇನ್ನೂ "ನಿಡೋಣಿ ಗೌಂಡಿ" ಎನ್ನುತ್ತಾರೆ, ನಿಡೋಣಿಯವರು "ವಿಜಾಪುರದಾಂವ" ಎನ್ನುತ್ತಾರೆ. ಸಂತೆಯಿಂದ ತಂದ ಜೋಳವನ್ನು ಡಬ್ಬಿಗೆ ಅಳೆದು ಹಾಕುವಾಗ ಗಂಗವ್ವ ಲಾಭ ಅನ್ನುತ್ತಾಳೆ, ಮಗಳು ಒಂದು ಅನ್ನುತ್ತಾಳೆ. ನಾನು ಬಾಯಿ ತೆರೆಯುವುದಿಲ್ಲ.

ಈಗ ೧೯೭೭. ನನ್ನ ಹತ್ತಿರ ಇರುವುದು ಇಷ್ಟು: ಬಾಡಿಗೆ ಕೋಣೆ ಒಂದು. ಗಾರೆ ಬಳಿಯುವ ಕರಣಿ ಎರಡು, ಗೋಡೆಯ ನೇರ ನೋಡುವ ಗುಂಡು ಒಂದು. ಸಂತೆಯ ಜೋಳ ಅರ್ಧ ಡಬ್ಬಿ. ನಾಲ್ಕನೇ ಇಯತ್ತೆಯಲ್ಲಿ ಓದುವ ಮಗಳು ಒಬ್ಬಳು.