ಕಲ್ಲಂಚಿನ ರಾಗಿ

ಪಕ್ಕದ ಮನೆಯ ದೊಡ್ಡಮ್ಮನ ಮಗ ತಾರಸಿ ಹಾಕಿಸಲು ಹಳೇ ಹೆಂಚು ಇಳಿಸುವಾಗ, ಒಲೆಯ ಮೇಲಿನ ಜಂತಿಯಲ್ಲಿ ರಾಗಿ ತೆನೆಯ ಗೊಂಚಲೊಂದು ಸಿಕ್ಕಿತು. ಮಸಿ ಹಿಡಿದು ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದೆ... ಹೊಗೆಯ ವಾಸನೆ. ದೊಡ್ಡಮ್ಮನ ಸೀರೆಯ ವಾಸನೆಯೂ ಇದೇ.

ದೊಡ್ಡಮ್ಮ ಎಂದು ಕರೆಯುತ್ತಿದ್ದೆನೇ ಹೊರತು ನೆಂಟಸ್ತಿಕೆ ಏನೂ ಇರಲಿಲ್ಲ. ತಮಿಳುನಾಡಿನ ಪೆನ್ನಾಗರಂ ಕಡೆಯ ಮಳೆ ನಂಬಿದ ನೆಲದಲ್ಲಿ ಅವಳ ಹೊಲ ನಮ್ಮ ಹೊಲಕ್ಕೆ ತಾಗಿಕೊಂಡಿತ್ತು. ಮದುವೆಯಾಗಿ ಬಂದಾಗ ತವರಿನಿಂದ ಮಡಿಲಲ್ಲಿ ತಂದ ನಾಟಿ ರಾಗಿಯನ್ನೇ ಅವಳು ಪ್ರತಿ ವರ್ಷ ಬಿತ್ತುತ್ತಿದ್ದಳು. ಎದೆಯೆತ್ತರ ಬೆಳೆಯುವ, ಸಣ್ಣ ತೆನೆಯ ರಾಗಿ. ತವರೂರಲ್ಲೂ ಆ ಬೀಜ ಮುಗಿದುಹೋಗಿತ್ತು.

"ನಮ್ಮವ್ವಂದು ಅಂತ ಉಳ್ದಿರಾದು ಇದೊಂದೇ ಕಣ್ಲಾ" ಎನ್ನುತ್ತಿದ್ದಳು.

ನಾವು ಆಗಲೇ ಸರ್ಕಾರಿ ಬೀಜದ ಡಿಪೋದಲ್ಲಿ ಕೊಡುವ ಗಿಡ್ಡ ರಾಗಿಗೆ ಬದಲಾಗಿದ್ದೆವು. ಯೂರಿಯಾ ಬಿದ್ದರೆ ಅದು ಕಪ್ಪಗೆ ಹಸಿರಾಗುತ್ತಿತ್ತು, ತೆನೆ ತೂಗಿದರೂ ಕಡ್ಡಿ ಬಾಗುತ್ತಿರಲಿಲ್ಲ. ಅವಳು ಬದುವಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚು, ಮತ್ತೇನಲ್ಲ. ಅದನ್ನು ಮುಚ್ಚಿಡುವ ಜಾಯಮಾನವೂ ಅವಳದಲ್ಲ.

ಒಂದು ವರ್ಷ ಉಳುವ ಮುಂಚೆ ಅವಳ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದರು. ಕುರಿ ಮಲಗೆದ್ದ ನೆಲಕ್ಕೆ ಹಿಕ್ಕೆ, ಗಂಜಲ ಬಿದ್ದಿರುತ್ತದೆ. ನಾಟಿ ರಾಗಿಗೆ ಅಷ್ಟೇ ಹೆಚ್ಚು. ಕಲ್ಲು ತುಂಬಿದ ಮೇಲಂಚಿನಲ್ಲಿ ಮಾತ್ರ ಕುರಿ ಮಲಗಿರಲಿಲ್ಲ. ಇದ್ದ ಬೀಜವನ್ನೆಲ್ಲ ಬಿತ್ತಿದಳು. ಪೈರು ಚೆನ್ನಾಗಿಯೇ ಬಂತು, ಅವಳಿಗೆ ಸಾಲಲಿಲ್ಲ. ಒಂದು ಬೆಳಗ್ಗೆ ಸೆರಗಿನಲ್ಲಿ ಯೂರಿಯಾ ಕಟ್ಟಿಕೊಂಡು ಎರಚತೊಡಗಿದಳು. ನಮ್ಮಲ್ಲಿ ಅದಕ್ಕೆ ಉಪ್ಪು ಎನ್ನುತ್ತಾರೆ.

"ಕುರಿ ನಿಂತ್ ಒಲಕ್ಕೆ ಉಪ್ಪು ಯಾಕಕ್ಕಾ? ಪೋದುಂ, ಸಾಕು ಬುಡು!" ಎಂದು ನಮ್ಮವ್ವ ಕೂಗಿದಳು.

"ನಿಮ್ದು ಮಾತ್ರ ಕರ್ರಗಿರ್ಬೇಕಾ? ನಮ್ಮವ್ವನ ರಾಗೀನೂ ಒಂದ್ ದಪ ಮೆರೀಲಿ!"

ಮೆರೆಯಿತು... ದಾರಿಹೋಕರು ನಿಂತು ನೋಡುವಷ್ಟು. ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಗಾಳಿಮಳೆ ಬಂತು. ಉದ್ದುದ್ದ ಬೆಳೆದ ಮೆತ್ತನೆಯ ಕಡ್ಡಿ ತಡೆಯಲಿಲ್ಲ, ಹೊಲವೆಲ್ಲ ಮಲಗಿತು. ಅವಳು ಪೈರನ್ನು ಎತ್ತಿ ಎತ್ತಿ ಕಂತೆ ಕಟ್ಟಿದಳು. ಅದು ಮತ್ತೆ ಮಲಗಿತು. ಕೆಸರಿನಲ್ಲಿ ತೆನೆ ಕೊಳೆಯಿತು.

"ಅವ್ವನ್ನ ನಾನೇ ಕೆಡವ್ಬುಟ್ಟೆ" ಎಂದು ಬದುವಿನ ಮೇಲೆ ಕುಸಿದಳು.

ಕಲ್ಲಂಚಿನಲ್ಲಿ ಮಾತ್ರ ಬಡಕಲು ಪೈರು ನಿಂತಿತ್ತು. ಅಲ್ಲಿಗೆ ತಲುಪುವ ಮುಂಚೆಯೇ ಸೆರಗಿನ ಯೂರಿಯಾ ಮುಗಿದಿತ್ತಂತೆ. ಆ ತೆನೆಗಳನ್ನು ಕೊಯ್ದು ಒಲೆಯ ಮೇಲೆ ಕಟ್ಟಿದಳು. ಮುಂದಿನ ವರ್ಷದಿಂದ ಹೊಲಕ್ಕೆಲ್ಲ ಗಿಡ್ಡ ರಾಗಿ, ಯೂರಿಯಾ. ಕಲ್ಲಂಚಿಗೆ ಮಾತ್ರ ನಾಟಿ, ಅದಕ್ಕೆ ಒಂದು ಹಿಡಿ ಗೊಬ್ಬರವೂ ಇಲ್ಲ.

"ಅದು ಒಟ್ಟೆಗೆ, ಇದು ಅವ್ವನಿಗೆ."

ಅವಳು ತೀರಿಕೊಂಡಳು. ಮಗ ಹೊಲವನ್ನು ಬೆಳೆಯ ಪಾಲಿನ ಮೇಲೆ ನಮಗೆ ವಾರಕ್ಕೆ ಕೊಟ್ಟ. ಕಲ್ಲಂಚಿನ ಬೀಜ ಎಲ್ಲಿ ಎಂದು ಯಾರೂ ಕೇಳಲಿಲ್ಲ... ಈ ಸಲ ಜಂತಿಯಲ್ಲಿ ಸಿಕ್ಕ ಆ ಗೊಂಚಲನ್ನು ಉಜ್ಜಿ ಕಲ್ಲಂಚಿನಲ್ಲೇ ಬಿತ್ತಿದೆ. ಮಳೆ ಹದವಾಗಿ ಬಿತ್ತು. ಬೀಜ ತೀರ ಹಳೆಯದು, ಒಂದು ಮೊಳಕೆಯೂ ಬರಲಿಲ್ಲ. ಅವಳು ಸತ್ತ ದಿನ ಬಾರದ ಅಳು ಅಂದು ಬಂತು.

ಮೊನ್ನೆ ಗಿಡ್ಡ ರಾಗಿಗೆ ಯೂರಿಯಾ ಎರಚುತ್ತ ಕಲ್ಲಂಚಿನವರೆಗೆ ಹೋದೆ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ಆದರೂ ಎರಚಲಿಲ್ಲ, ಅಲ್ಲಿಂದಲೇ ತಿರುಗಿದೆ.