ಬರೀ ಸುಣ್ಣದ ನೀರು

ಇದು ನಡೆದದ್ದು. ನನ್ನನ್ನೂ ಸೇರಿಸಿ ನಾಲ್ಕು ಜನರ ಕಣ್ಣೆದುರು ನಡೆದದ್ದು. ಹೇಗೆ ನಡೆಯಿತು ಎಂದು ಕೇಳಿದರೆ ಮಾತ್ರ ನನಗೆ ನನ್ನ ಮೇಲೇ ಅನುಮಾನ. ಪ್ರತಿ ಸಲ ಹೇಳುವಾಗಲೂ ಯಾವುದೋ ಒಂದು ವಿವರ ಜಾಗ ಬದಲಿಸಿರುತ್ತದೆ.

ನಾನು ಹೊನ್ನಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮಲ್ಲಿ ಕಾಮಾಲೆ ಬಂದವರ ಕೈಯನ್ನು ಸುಣ್ಣದ ನೀರಿನಲ್ಲಿ ತೊಳೆದು ಕಾಯಿಲೆ 'ಇಳಿಸುವವರು' ಇದ್ದಾರೆ. ನೀರು ಹಳದಿಯಾದರೆ ಕಾಮಾಲೆ ಇಳಿಯಿತು ಎಂದು ಲೆಕ್ಕ. ಗುಟ್ಟು ಇಷ್ಟೇ: ತೊಳೆಯುವ ಮೊದಲು ಕೈಗೆ ಮಾವಿನ ತೊಗಟೆಯ ರಸ ಸವರಿರುತ್ತಾರೆ. ಅದಕ್ಕೆ ಸುಣ್ಣ ತಾಗಿದರೆ ಯಾರ ಕೈಯಿಂದಲಾದರೂ ಹಳದಿ ನೀರೇ ಬರುತ್ತದೆ. ಪ್ರತಿ ವರ್ಷ ಇದನ್ನು ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಹಾಗೆ ನಕ್ಕವರಲ್ಲಿ ನಾಗವೇಣಿಯೂ ಒಬ್ಬಳು. ಎಷ್ಟೋ ವರ್ಷದ ಮೇಲೆ, ಒಂದು ಸಂಜೆ ಅವಳ ಫೋನ್ ಬಂತು. ಗಂಡ ಉಮೇಶ ಮೀನಿನ ಬೋಟಿಗೆ ಹೋಗುವವನು. ಹದಿನೈದು ದಿನದಿಂದ ಕಾಮಾಲೆ. ಕುಮಟಾ ಕಡೆಯ ಒಬ್ಬಾಕೆಯ ಬಳಿ ಎರಡು ಸಲ ಕೈ ತೊಳೆಸಿದ್ದಾರೆ. ಮೂರನೆಯದು ಬುಧವಾರ. ಅಲ್ಲಿಯವರೆಗೆ ಆಸ್ಪತ್ರೆಯ ಔಷಧಿ ಮುಟ್ಟಬಾರದಂತೆ.

"ಸರ್, ಮಧ್ಯಾಹ್ನದಿಂದ ಎಂತೆಂತದೋ ಮಾತಾಡ್ತಾರೆ. ನನ್ನ ಹೆಸ್ರೇ ಮರ್ತಾರೆ. ಅತ್ತೆ ಆಸ್ಪತ್ರೆಗೆ ಬಿಡುದಿಲ್ಲ. ನೀವು ಶಾಲೇಲಿ ತೋರಿಸಿದ್ರಲ... ಅದ್ನ ಅತ್ತೆಗೆ ಒಂದ್ಸಲ ತೋರ್ಸಿ."

ಕಾಮಾಲೆಯವನಿಗೆ ಬುದ್ಧಿ ಮಂಕಾಗತೊಡಗಿತೆಂದರೆ ಲಿವರ್ ಸೋಲುತ್ತಿದೆ ಎಂದರ್ಥ. ಬುಧವಾರದವರೆಗೆ ಇವನು ಉಳಿಯುವುದಿಲ್ಲ. ತೊಗಟೆಯ ರಸವನ್ನು ಸಣ್ಣ ಬಾಟ್ಲಿಗೆ ತುಂಬಿ, ಸೋರದಿರಲೆಂದು ಮುಚ್ಚಳಕ್ಕೆ ಟೇಪು ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ.

ಬಂದರಿನ ಹತ್ತಿರದ ಅವರ ಮನೆ ಮುಟ್ಟುವಾಗ ಕತ್ತಲಾಗಿತ್ತು. ಕರೆಂಟೂ ಇರಲಿಲ್ಲ. ಅಂಗಳದ ತುಂಬ ಒಣಮೀನಿನ ವಾಸನೆ... ಒಳಗೆ ಕಾಲಿಟ್ಟರೆ ಅದನ್ನೂ ಮೀರಿದ ಇನ್ನೊಂದು, ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಉಮೇಶನ ಉಸಿರು ಅದು. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ನಾಗವೇಣಿ ಮೊಬೈಲಿನ ಬೆಳಕು ಹಿಡಿದಳು. ಅವನ ಕಣ್ಣಿನಲ್ಲಿ ಬಿಳಿಯೆಂಬುದೇ ಇರಲಿಲ್ಲ.

"ಮಾಸ್ತರ್ರೆ, ನಿಮ್ಮ ಶಾಲೆ ಹುಡುಗ್ರಾಟ ಇಲ್ಲೆಂತಕ್ಕೆ?" ಅವನ ತಾಯಿ ಎದ್ದೂ ನಿಲ್ಲಲಿಲ್ಲ. "ಎರಡನೇ ಸಲ ನೀರು ತೆಳ್ಳಗೆ ಬಂದದೆ. ಇನ್ನೊಂದ್ಸಲ ತೊಳದ್ರೆ ಆತು."

"ಅಮ್ಮಾ, ನನ್ನ ಕಣ್ಣು ನೋಡಿ. ನನಗೆ ಕಾಮಾಲೆ ಅದ್ಯಾ?"

"ನಿಮ್ಗೆಂತಕ್ಕೆ ಬರ್ತದೆ? ನೆಳ್ಳಲ್ಲಿ ಕೂತು ಸಂಬಳ ತಿಂಬೋರು."

ನನ್ನ ಲೆಕ್ಕ ಸರಳವಾಗಿತ್ತು. ಮೊದಲು ಬರೀ ಸುಣ್ಣದ ನೀರಿನಲ್ಲಿ ನನ್ನ ಕೈ ತೊಳೆಯುವುದು, ಏನೂ ಆಗುವುದಿಲ್ಲ. ಆಮೇಲೆ ಡಿಕ್ಕಿಯಿಂದ ಬಾಟ್ಲಿ ತಂದು, ಅವಳೆದುರೇ ರಸ ಸವರಿ ತೊಳೆಯುವುದು, ಹಳದಿ ಬರುತ್ತದೆ. ಮೋಸ ಕಣ್ಣಾರೆ ಕಂಡ ಮೇಲೆ ಹಟ ಬಿಡುತ್ತಾಳೆ.

"ಹಂಗಾರೆ ನೀವೇ ನನ್ನ ಕೈ ತೊಳೆದು ನೋಡಿ," ಎಂದೆ. ಎಲೆ ಅಡಿಕೆ ಸಂಚಿಯ ಸುಣ್ಣವನ್ನು ಮುದುಕಿಯೇ ತಂಬಿಗೆಯ ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟಳು. ಸ್ಟೀಲಿನ ಬೋಗುಣಿಯ ಮೇಲೆ ಕೈ ಚಾಚಿದೆ. ಹೊಯ್ದಳು.

ಹಳದಿ.

ಬೆರಳ ಸಂದಿಯಿಂದ ಇಳಿಯುತ್ತಲೇ ಇತ್ತು... ಅರಿಶಿನ ಕಲಸಿದ ಹಾಗೆ, ದಟ್ಟವಾಗಿ. ಬೋಗುಣಿಯ ತಳ ಕಾಣಿಸಲಿಲ್ಲ. ಹೊರಗೆ ಸಮುದ್ರ ಒಂದೇ ಸಮನೆ ಮೊರೆಯುತ್ತಿತ್ತು.

ಮಧ್ಯಾಹ್ನದಿಂದ ಒಂದೂ ನೆಟ್ಟಗಿನ ಮಾತಾಡದಿದ್ದ ಉಮೇಶ ಮೆಲ್ಲಗೆ, ಸ್ಪಷ್ಟವಾಗಿ ಹೇಳಿದ:

"ನಂದು ಅವ್ರ ಕೈಗೆ ಹೋತು."

ಮುದುಕಿ ತಂಬಿಗೆ ಕೆಳಗಿಟ್ಟಳು. ಕೈಗೆ ಏನೂ ಹಚ್ಚಿರಲಿಲ್ಲ ಎಂದು ಇದ್ದದ್ದನ್ನು ಹೇಳಿದರೆ, ಕಾಯಿಲೆ ಇಳಿಯಿತೆಂದು ನಂಬಿ ಇವನನ್ನು ಇಲ್ಲಿಂದ ಯಾರೂ ಎಬ್ಬಿಸುವುದಿಲ್ಲ, ಇದೇ ಚಾಪೆಯ ಮೇಲೆ ಸಾಯುತ್ತಾನೆ. ನನ್ನ ಬಾಯಿಂದ ಸುಳ್ಳು ಬಂತು.

"ಹೊರಗೆ ಗಾಡಿ ಹತ್ತಿರವೇ ಮಾವಿನ ತೊಗಟೆ ರಸ ಹಚ್ಚಿಕೊಂಡು ಬಂದಿದ್ದೆ ಅಮ್ಮಾ. ಕಾಯಿಲೆ ಇಲ್ಲದವನ ಕೈಲೂ ಬಂತಲ್ಲ? ಇಷ್ಟೇ ಆ ಕುಮಟಾದವಳ ವಿದ್ಯೆ."

"ಖರೆಯಾ?"

"ಹೌದು ಅತ್ತೆ. ಹಚ್ಕಂಬುದ ನಾನೇ ನೋಡ್ದೆ," ಎಂದಳು ನಾಗವೇಣಿ.

ಮುದುಕಿ ಬೋಗುಣಿಯನ್ನೇ ನೋಡುತ್ತ ಕೂತಳು. "ಹಂಗಾರೆ ಎರಡು ಸಲ ನನ್ನ ಮಂಗ ಮಾಡ್ದಳಾ ಅವ್ಳು..." ಬೋಗುಣಿಯನ್ನು ಅತ್ತ ನೂಕಿ, "ರಿಕ್ಷಾ ಕರಿ ನಾಗು," ಎಂದಳು.

ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ತಿಂಗಳಿಡೀ ಆಸ್ಪತ್ರೆಯಲ್ಲಿ ಮಲಗಿ ಉಮೇಶ ಉಳಿದುಕೊಂಡ.

ಅವನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿಯೇ ಡಿಕ್ಕಿ ತೆರೆದು ನೋಡಿದ್ದೆ. ಬಾಟ್ಲಿಗೆ ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು. ರಸ ತುಂಬುವಾಗ ಕೈಗೆ ಹತ್ತಿತ್ತೇ? ಸೋಪು ಹಾಕಿ ತೊಳೆದಿದ್ದೆ. ಒಳಗೆ ಹೋಗುವಾಗ ಅವರ ಅಂಗಳದಲ್ಲಿದ್ದ ದೋಣಿಗೆ ಕೈಯೂರಿದ್ದು ನೆನಪಾಗಿ, ಮಾವಿನ ಮರದ್ದಿರಬಹುದೆಂದು ಮತ್ತೆ ಹೋಗಿ ನೋಡಿದೆ. ಫೈಬರ್ ದೋಣಿ. ಅದೇ ಮನೆಯ ಸುಣ್ಣ, ಅದೇ ಬಾವಿಯ ನೀರು ತಂದು ಹತ್ತು ಸಲ ತೊಳೆದೆ. ಹತ್ತೂ ಸಲ ನೀರು ನೀರೇ.

ಆಸ್ಪತ್ರೆಯ ವರಾಂಡದಲ್ಲಿ ನಾಗವೇಣಿಗೆ ಹೇಳಿದೆ: "ಆ ಹೊತ್ತಿಗೆ ಸರಿಯಾಗಿ ಸುಳ್ಳು ಹೇಳಿದೆ ನೀನು."

"ಎಂತ ಸುಳ್ಳು ಸರ್? ನೀವು ಗಾಡಿ ಹತ್ರ ನಿಂತು ಹಚ್ಕಂಡ್ರಿ. ನಾನೇ ಲೈಟ್ ಹಿಡ್ದಿದ್ದೆ."

ಅವಳ ಮುಖದಲ್ಲಿ ನಾಟಕವಿರಲಿಲ್ಲ. ಈಗೀಗ ನನಗೂ ಬೆರಳಿಗೆ ರಸದ ಅಂಟು, ಆ ಒಗರು ವಾಸನೆ ನೆನಪಾಗುತ್ತದೆ. ಅದು ನನ್ನ ನೆನಪೋ, ಅವಳು ಹೇಳಿದ ಮೇಲೆ ಬೆಳೆದದ್ದೋ ಹೇಳಲಾರೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಉಮೇಶ ಬಂದರಿನಲ್ಲಿ ಎಲ್ಲರಿಗೂ ಹೇಳತೊಡಗಿದ: "ಆಸ್ಪತ್ರೆ ಔಷಧಿಯೆಲ್ಲ ಆಮೇಲಿಂದು. ಮಾಸ್ತರ್ರು ಮೊದ್ಲೇ ತಮ್ಮ ಕೈಗೆ ತಕಂಡಿದ್ರು." ಹಳದಿ ಕಣ್ಣಿನವರು ನನ್ನ ಮನೆಗೆ ಬರತೊಡಗಿದರು.

ಮುರ್ಡೇಶ್ವರದಿಂದ ಬಂದ ಗಂಡ ಹೆಂಡತಿಗೆ ಸರಿಯಾಗಿ ಬೈದೆ. "ಇದೆಲ್ಲ ಮೂಢನಂಬಿಕೆ, ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ," ಎಂದು ಬಾಗಿಲು ಹಾಕಿಕೊಂಡೆ. ಅವರು ಆಸ್ಪತ್ರೆಗೆ ಹೋಗಲಿಲ್ಲ. ನೆಟ್ಟಗೆ ಕುಮಟಾ ಕಡೆಯ ಆ ಹೆಂಗಸಿನ ಬಳಿಗೆ ಹೋದರು. ವಾರ ಕಳೆದು ಕೇಳಿದೆ, ಗಂಡ ತೀರಿಕೊಂಡನಂತೆ.

ಅಂದಿನಿಂದ ನಾನು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕಾಯಿಲೆಯವನನ್ನು ಎದುರು ಕೂರಿಸಿಕೊಂಡು, ಬರೀ ಸುಣ್ಣದ ನೀರಿನಲ್ಲಿ ನನ್ನ ಕೈ ತೊಳೆದುಕೊಳ್ಳುತ್ತೇನೆ. ಒಂದೇ ಷರತ್ತು: ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲಿ ಎಲ್ಲೂ ಇಳಿಯುವ ಹಾಗಿಲ್ಲ. ಈ ಮಾತನ್ನು ಒಬ್ಬರೂ ಮೀರಿಲ್ಲ.

ರಾತ್ರಿ ಮಾತ್ರ ಬನ್ನಿ ಎನ್ನುತ್ತೇನೆ. ನೀರು ಹೊಯ್ಯುವ ಮೊದಲು ದೀಪ ಆರಿಸುತ್ತೇನೆ. ಅದೂ ಪದ್ಧತಿಯೆಂದು ತಿಳಿದಿದ್ದಾರೆ. ತೊಳೆದ ನೀರನ್ನು ಕತ್ತಲಲ್ಲೇ ಹಿತ್ತಲಿಗೆ ಚೆಲ್ಲಿ, ಬೋಗುಣಿಯನ್ನು ತಡಕಿ ತಡಕಿ ತಿಕ್ಕಿ, ಕೈಯನ್ನೂ ಸೋಪು ಹಾಕಿ ಉಜ್ಜಿ ಬಂದ ಮೇಲೆಯೇ ಸ್ವಿಚ್ಚು ಒತ್ತುವುದು.

ಮೊನ್ನೆ ಭಟ್ಕಳ ಕಡೆಯವನೊಬ್ಬ ಆ ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡ. ಅವನ ಉಸಿರಿಗೂ ಆ ಸಿಹಿ ವಾಸನೆಯಿತ್ತು.

"ಮಾಸ್ತರ್ರೆ... ಎಂತ ಬಣ್ಣ ಬಂತು?"

"ಏಳು, ಬೇಗ ಹೊರಡು," ಎಂದೆ. "ರಿಕ್ಷಾದವ ಕಾಯ್ತಾ ಇದ್ದಾನೆ."